ಹಳೆಯ ವಿದ್ಯಾರ್ಥಿಯ ಹಣ, ಹೊಸ ಆಟಗಾರನ ಬೆಲೆ

1987ರ ಫೆಬ್ರುವರಿ 25ರಂದು ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯಕ್ಕೆ ‘ಮರಣದಂಡನೆ’ ಜಾರಿಯಾಯಿತು. ಶಿಕ್ಷೆಗೆ ಗುರಿಯಾದದ್ದು ಮನುಷ್ಯರಲ್ಲ, ಅಲ್ಲಿನ ಫುಟ್‌ಬಾಲ್ ತಂಡ. ಆ ವರ್ಷ ಒಂದೇ ಒಂದು ಪಂದ್ಯವನ್ನೂ ಆಡಕೂಡದೆಂದು ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆ ಆಜ್ಞೆ ಹೊರಡಿಸಿತು. ತಂಡದ ಮೇಲಿದ್ದ ಆರೋಪವಿಷ್ಟು: ಶ್ರೀಮಂತ ಪೋಷಕನೊಬ್ಬ ಒದಗಿಸಿದ ನಿಧಿಯಿಂದ 13 ಆಟಗಾರರಿಗೆ ಒಟ್ಟು 61,000 ಡಾಲರುಗಳನ್ನು ಗುಟ್ಟಾಗಿ ಹಂಚಲಾಗಿತ್ತು.

ಅದೇ ದೇಶದಲ್ಲಿ 2025-26ರ ಸಾಲಿನಿಂದ ದೊಡ್ಡ ವಿಶ್ವವಿದ್ಯಾಲಯವೊಂದು ತನ್ನ ಕ್ರೀಡಾಪಟುಗಳಿಗೆ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ನೇರವಾಗಿ, ಲೆಕ್ಕ ಬರೆದೇ ಕೊಡಬಹುದು. ಇದಕ್ಕೆ ನ್ಯಾಯಾಲಯದ ಒಪ್ಪಿಗೆಯೂ ಸಿಕ್ಕಿದೆ.

ನಡುವಿನ 38 ವರ್ಷಗಳಲ್ಲಿ ಬದಲಾದದ್ದೇನು? ಕೊಡುವವರು ಬದಲಾಗಲಿಲ್ಲ, ಅವರಲ್ಲಿ ಹೆಚ್ಚಿನವರು ಆಯಾ ಕಾಲೇಜಿನಲ್ಲಿ ಓದಿ ಹೊರಬಂದು ಹಣ ಮಾಡಿದ ಹಳೆಯ ವಿದ್ಯಾರ್ಥಿಗಳು. ಆಡುವವರೂ ಅದೇ ಹತ್ತೊಂಬತ್ತು ಇಪ್ಪತ್ತರ ಹುಡುಗರು. ಬದಲಾದದ್ದು ಹಣ ಸಾಗುವ ದಾರಿ. ದಾರಿ ಬದಲಾದೊಡನೆ ಗೆಲ್ಲುವವರ ಪಟ್ಟಿಯೂ ಬದಲಾಗತೊಡಗಿದೆ.

ಶನಿವಾರದ ಜಾತ್ರೆ

ಈ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡಹುವ ಆಟ. ತಲೆಗೆ ಹೆಲ್ಮೆಟ್, ಭುಜಕ್ಕೆ ಕವಚ. ಕಾಲೇಜುಗಳ ನಡುವಿನ ಮೊದಲ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು. ರಟ್ಗರ್ಸ್ ಕಾಲೇಜು ಪ್ರಿನ್ಸ್‌ಟನ್ನನ್ನು 6-4ರಿಂದ ಸೋಲಿಸಿತು. ಇಂದು ಜಗತ್ತಿಗೆಲ್ಲ ಗೊತ್ತಿರುವ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹುಟ್ಟಿದ್ದು 1920ರಲ್ಲಿ. ಅಂದರೆ ಅಮೆರಿಕದಲ್ಲಿ ಕಾಲೇಜಿನ ಆಟವೇ ಹಿರಿಯಣ್ಣ.

ದೊಡ್ಡ ನಗರಗಳಿಂದ ದೂರವಿರುವ ಎಷ್ಟೋ ಊರುಗಳಲ್ಲಿ ವಿಶ್ವವಿದ್ಯಾಲಯದ ತಂಡವೇ ಊರಿನ ತಂಡ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಶರತ್ಕಾಲದ ಶನಿವಾರಗಳಂದು ಇಂಥ ಕ್ರೀಡಾಂಗಣಗಳ ಸುತ್ತ ಜಾತ್ರೆಯೇ ನೆರೆಯುತ್ತದೆ. ವರ್ಷದಲ್ಲೊಂದು ಪಂದ್ಯವನ್ನು ‘ಹೋಮ್‌ಕಮಿಂಗ್’ ಎಂದು ಕರೆದು ಹಳೆಯ ವಿದ್ಯಾರ್ಥಿಗಳನ್ನು ಆಹ್ವಾನಿಸುವ ಸಂಪ್ರದಾಯವಿದೆ. ಕಲಿತ ಪಾಠ ಮರೆತಿದ್ದರೂ, ಪಾಠ ಹೇಳಿದವರ ಹೆಸರು ಮರೆತಿದ್ದರೂ, ಕಾಲೇಜಿನ ಬಣ್ಣದ ಅಂಗಿ ತೊಟ್ಟು ಬರಲು ಯಾರೂ ಮರೆಯುವುದಿಲ್ಲ.

ಈ ಮೋಹಕ್ಕೆ ಸರ್ಕಾರವೂ ನೀರೆರೆಯಿತು. ಒಳ್ಳೆಯ ಜಾಗದಲ್ಲಿ ಕೂರುವ ಹಕ್ಕು ಬೇಕಿದ್ದರೆ ಟಿಕೆಟ್ಟಿನ ದುಡ್ಡಲ್ಲದೆ ಕಾಲೇಜಿಗೆ ದೇಣಿಗೆಯನ್ನೂ ಕೊಡಬೇಕು. ಆ ದೇಣಿಗೆಯ ಶೇಕಡಾ 80ರಷ್ಟಕ್ಕೆ 2017ರ ತೆರಿಗೆ ಕಾನೂನು ಬರುವವರೆಗೆ ಆದಾಯ ತೆರಿಗೆ ವಿನಾಯಿತಿ ಇತ್ತು! ಆಟ ನೋಡುವುದೂ ದಾನಧರ್ಮದ ಲೆಕ್ಕಕ್ಕೆ ಸೇರಿತ್ತು.

ಸಿಗರೇಟಿನ ಕಮಿಷನ್

ಆಟಗಾರರಿಗೆ ಹಣ ಕೊಡುವ ಪಿಡುಗು ಈಚಿನದೆಂದು ಹಲವರು ಹಲುಬುತ್ತಾರೆ. ಹಾಗೆ ನೋಡಿದರೆ ಅದು ಆಟದಷ್ಟೇ ಹಳೆಯದು. 1904ರಲ್ಲಿ ಯೇಲ್ ತಂಡದ ನಾಯಕನಾಗಿದ್ದ ಜೇಮ್ಸ್ ಹೋಗನ್‌ಗೆ ವಯಸ್ಸು ಇಪ್ಪತ್ತೈದು ದಾಟಿತ್ತು. ಅವನಿಗೆ ವಾಸಕ್ಕೆ ಒಳ್ಳೆಯ ಕೋಣೆ, ಪುಕ್ಕಟೆ ಊಟ, ಶುಲ್ಕ ಮಾಫಿ, ಕ್ಯೂಬಾ ಪ್ರವಾಸ. ಸಾಲದೆಂಬಂತೆ ಊರಿನಲ್ಲಿ ಮಾರಾಟವಾಗುವ ಒಂದು ಕಂಪೆನಿಯ ಸಿಗರೇಟುಗಳ ಮೇಲೆ ಕಮಿಷನ್ ಬೇರೆ! 1905ರಲ್ಲಿ ಪತ್ರಿಕೆಯೊಂದು ಇದನ್ನೆಲ್ಲ ಬಯಲಿಗೆಳೆಯಿತು. ಅದೇ ವರ್ಷ ಮೈದಾನದಲ್ಲಿ ಹುಡುಗರು ಸಾಯುತ್ತಿರುವುದನ್ನು ಕಂಡು ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಬುದ್ಧಿ ಹೇಳಿದರು. ಮುಂದೆ ಎನ್‌ಸಿಎಎ ಎಂದು ಹೆಸರಾದ ಸಂಸ್ಥೆ ಹುಟ್ಟಿದ್ದು ಆ ಗದ್ದಲದಲ್ಲೇ, 1906ರಲ್ಲಿ.

1929ರಲ್ಲಿ ಕಾರ್ನೆಗಿ ಪ್ರತಿಷ್ಠಾನ ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಬಹುಪಾಲು ಕಡೆ ಒಂದಲ್ಲ ಒಂದು ರೂಪದಲ್ಲಿ ಆಟಗಾರರಿಗೆ ಹಣ ಸಂದಾಯವಾಗುತ್ತಿತ್ತು. ನಿಯಮ ಕಾಗದದ ಮೇಲೆ, ಹಣ ಕೋಟಿನ ಕಿಸೆಯಲ್ಲಿ. 1956ರಲ್ಲಿ ಎನ್‌ಸಿಎಎ ಕೊನೆಗೂ ಆಟಕ್ಕಾಗಿಯೇ ವಿದ್ಯಾರ್ಥಿವೇತನ ಕೊಡಲು ಒಪ್ಪಿತು. ಶುಲ್ಕ, ಊಟ, ವಸತಿ, ಪುಸ್ತಕ ಇವಿಷ್ಟೇ; ಇದರ ಮೇಲೆ ಬಿಡಿಗಾಸು ಮುಟ್ಟಿದರೂ ಅಪರಾಧ.

ವಿಧವೆಗೆ ಸಿಗದ ಪರಿಹಾರ

ಈ ಕಟ್ಟುನಿಟ್ಟಿನ ಹಿಂದೆ ಇನ್ನೊಂದು ಭಯವೂ ಇತ್ತು. 1955ರಲ್ಲಿ ಕೊಲರಾಡೊ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ. ಗಂಡ ಕೆಲಸದ ಮೇಲಿದ್ದಾಗ ಸತ್ತನೆಂದು ಅವನ ಪತ್ನಿ ಕಾರ್ಮಿಕ ಪರಿಹಾರ ಕೇಳಿದಳು. 1957ರಲ್ಲಿ ಕೊಲರಾಡೊ ಸರ್ವೋಚ್ಚ ನ್ಯಾಯಾಲಯ ಅವಳ ಬೇಡಿಕೆಯನ್ನು ತಳ್ಳಿಹಾಕಿತು. ಕಾಲೇಜು ಫುಟ್‌ಬಾಲಿನ ವ್ಯಾಪಾರ ಮಾಡುತ್ತಿಲ್ಲ, ಆದ್ದರಿಂದ ಆಡುವವನು ನೌಕರನಲ್ಲ ಎಂಬುದು ತೀರ್ಪಿನ ಸಾರ.

ಆಟಗಾರನನ್ನು ನೌಕರನೆಂದು ಕಾನೂನು ಒಪ್ಪಿಬಿಟ್ಟರೆ ಗತಿಯೇನು ಎಂಬ ಚಿಂತೆಯಲ್ಲೇ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡಿಪದವನ್ನು ಎನ್‌ಸಿಎಎ ಚಲಾವಣೆಗೆ ತಂದಿತು. ಇದು ವಿರೋಧಿಗಳು ಹೊರಿಸಿದ ಆರೋಪವಲ್ಲ. 1951ರಿಂದ 1987ರವರೆಗೆ ಸಂಸ್ಥೆಯನ್ನು ನಡೆಸಿದ ವಾಲ್ಟರ್ ಬೈಯರ್ಸ್ ಅವರೇ 1995ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದುಕೊಂಡ ಸಂಗತಿ. ನಿಯಮಗಳ ಕೋಟೆ ಕಟ್ಟಿದ ವ್ಯಕ್ತಿಯೇ ನಿವೃತ್ತಿಯ ನಂತರ, ಈ ವ್ಯವಸ್ಥೆ ಹುಡುಗರನ್ನು ಶೋಷಿಸುತ್ತಿದೆ ಎಂದು ಸಾರಿದರು.

ವ್ಯಾಪಾರವಲ್ಲ ಎಂಬ ಮಾತು ಬಹಳ ಕಾಲ ನಿಲ್ಲಲಿಲ್ಲ. ಯಾವ ಪಂದ್ಯ ಟೆಲಿವಿಷನ್ನಿನಲ್ಲಿ ಬರಬೇಕೆಂದು ಎನ್‌ಸಿಎಎ ಒಂದೇ ನಿರ್ಧರಿಸುವ ಪದ್ಧತಿಯನ್ನು 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಮಾಡಿತು. ಕಾಲೇಜುಗಳು ಕೂಟ ಕಟ್ಟಿಕೊಂಡು ತಾವೇ ಪ್ರಸಾರದ ಹಕ್ಕು ಮಾರಲಾರಂಭಿಸಿದವು. 2022ರಲ್ಲಿ ‘ಬಿಗ್ ಟೆನ್’ ಎಂಬ ಕೂಟ ಏಳು ವರ್ಷಗಳಿಗೆ ಮಾಡಿಕೊಂಡ ಒಪ್ಪಂದದ ಮೊತ್ತ 700 ಕೋಟಿ ಡಾಲರುಗಳಿಗೂ ಹೆಚ್ಚು. ಅಷ್ಟು ಹಣದಲ್ಲಿ ಆಟಗಾರನಿಗೆ ಸಿಗುತ್ತಿದ್ದುದು ಮಾತ್ರ ಅದೇ ಊಟ, ಅದೇ ವಸತಿ.

ಗೋಡೆಗೆ ಸುರಿದ ಹಣ

ಹಾಗಾದರೆ ಪ್ರಾಮಾಣಿಕವಾಗಿ ಕೊಡಬಯಸಿದ ಹಳೆಯ ವಿದ್ಯಾರ್ಥಿ ಏನು ಮಾಡಬೇಕು? ಆಟಗಾರನಿಗೆ ಕೊಡುವಂತಿಲ್ಲ, ಆದರೆ ಆಟಗಾರ ಮಲಗುವ, ಉಣ್ಣುವ, ಬೆವರು ಸುರಿಸುವ ಕಟ್ಟಡಕ್ಕೆ ಎಷ್ಟು ಬೇಕಾದರೂ ಕೊಡಬಹುದು.

ಪೆಟ್ರೋಲಿಯಂ ಉದ್ಯಮಿ ಬೂನ್ ಪಿಕೆನ್ಸ್ ತಾವು ಓದಿದ ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಒಂದೇ ಸಲಕ್ಕೆ ಕೊಟ್ಟದ್ದು 16 ಕೋಟಿ 50 ಲಕ್ಷ ಡಾಲರ್. ಕ್ರೀಡಾಂಗಣಕ್ಕೆ ಅವರದೇ ಹೆಸರು. 2011ರಲ್ಲಿ ಆ ತಂಡ 13 ಪಂದ್ಯಗಳಲ್ಲಿ 12 ಗೆದ್ದು ತನ್ನ ಕೂಟದ ಚಾಂಪಿಯನ್ ಆಯಿತು. ಪಿಕೆನ್ಸ್ 2019ರಲ್ಲಿ ತೀರಿಕೊಂಡರು. 2024ರ ಹೊತ್ತಿಗೆ ತಂಡ 12ರಲ್ಲಿ 3 ಪಂದ್ಯ ಗೆಲ್ಲುವಷ್ಟಕ್ಕೆ ಇಳಿದಿತ್ತು. ಕ್ರೀಡಾಂಗಣವೇನೋ ಗಟ್ಟಿಯಾಗಿಯೇ ನಿಂತಿದೆ.

ಪಶ್ಚಿಮ ತೀರದ ಆರೆಗನ್ ವಿಶ್ವವಿದ್ಯಾಲಯದ್ದು ಇನ್ನೂ ಸೊಗಸಾದ ಕಥೆ. ಬೂಟು ಕಂಪೆನಿ ನೈಕಿಯ ಸ್ಥಾಪಕರಲ್ಲೊಬ್ಬರಾದ ಫಿಲ್ ನೈಟ್ ಅಲ್ಲಿಯ ವಿದ್ಯಾರ್ಥಿ. 1996ರ ಹೊಸ ವರ್ಷದ ದಿನ ಆರೆಗನ್ ತಂಡ ದೊಡ್ಡ ಪಂದ್ಯವೊಂದರಲ್ಲಿ 38-6ರಿಂದ ಸೋತಿತು. ಅದಾದ ಮೇಲೆ ನೈಟ್ ಅವರ ಕೊಡುಗೈ ಆ ತಂಡದ ಕಡೆ ತಿರುಗಿತು. ಮಳೆಯ ನಾಡಿನಲ್ಲಿ ಛಾವಣಿಯ ಕೆಳಗೆ ಅಭ್ಯಾಸ ಮಾಡುವ ಮೈದಾನ ಬಂತು. ಪಂದ್ಯಕ್ಕೊಂದು ಬಗೆಯ ಕಣ್ಣು ಕುಕ್ಕುವ ಉಡುಪು ಬಂತು. 2013ರಲ್ಲಿ 6 ಕೋಟಿ 80 ಲಕ್ಷ ಡಾಲರುಗಳ ವೆಚ್ಚದಲ್ಲಿ ಎದ್ದ ಕಟ್ಟಡದಲ್ಲಿ ಆಟಗಾರರಿಗಾಗಿಯೇ ಕ್ಷೌರದಂಗಡಿಯೂ ಇದೆ. ಇದನ್ನು ಕಂಡು ಇತರರು ಸುಮ್ಮನಿದ್ದಾರೆಯೇ? ದಕ್ಷಿಣದ ಕ್ಲೆಮ್ಸನ್ ವಿಶ್ವವಿದ್ಯಾಲಯ 2017ರಲ್ಲಿ ಕಟ್ಟಿದ ಫುಟ್‌ಬಾಲ್ ಭವನದಲ್ಲಿ ಜಾರುಬಂಡೆ ಇದೆ, ಪುಟ್ಟ ಗಾಲ್ಫ್ ಅಂಗಳವಿದೆ.

ಹೈಸ್ಕೂಲಿನ ಹುಡುಗನೊಬ್ಬನನ್ನು ಸೆಳೆಯಲು ನಡೆದ ಈ ಪೈಪೋಟಿಯಲ್ಲಿ ತರಬೇತುದಾರರ ಸಂಬಳವೂ ಆಕಾಶಕ್ಕೇರಿತು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಅತಿ ಹೆಚ್ಚು ಸಂಬಳ ಪಡೆಯುವವನು ರಾಜ್ಯಪಾಲನೂ ಅಲ್ಲ, ನ್ಯಾಯಾಧೀಶನೂ ಅಲ್ಲ, ವಿಶ್ವವಿದ್ಯಾಲಯದ ಕೋಚ್. ಎಲ್ಲರ ಕಿಸೆ ತುಂಬಿತು. ಮೈ ಒಡ್ಡಿದವನ ಕಿಸೆಗೆ ಮಾತ್ರ ಹೊಲಿಗೆ ಹಾಕಿತ್ತು.

ಬಾಗಿಲು ತೆರೆದಾಗ

ಹೊಲಿಗೆ ಬಿಚ್ಚಿದ್ದು ನ್ಯಾಯಾಲಯಗಳು ಮತ್ತು ರಾಜ್ಯ ಶಾಸನಸಭೆಗಳು. ಆಟಗಾರ ತನ್ನ ಹೆಸರು, ಚಿತ್ರಗಳಿಂದ ಸಂಪಾದಿಸುವುದನ್ನು ಕಾಲೇಜುಗಳು ತಡೆಯಕೂಡದೆಂದು 2019ರಲ್ಲಿ ಕ್ಯಾಲಿಫೋರ್ನಿಯ ಕಾನೂನು ಮಾಡಿತು. 2021ರ ಜೂನ್ 21ರಂದು ಆಲ್ಸ್ಟನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಹತ್ತು ದಿನಗಳಲ್ಲೇ, ಜುಲೈ 1ರಿಂದ, ಆಟಗಾರರು ಜಾಹೀರಾತಿನ ಹಣ ಪಡೆಯಲು ಅನುಮತಿ ಸಿಕ್ಕಿತು.

ಜಾಹೀರಾತು ಹೆಸರಿಗಷ್ಟೆ. ಹಳೆಯ ವಿದ್ಯಾರ್ಥಿಗಳು ಕೂಡಿ ‘ಕಲೆಕ್ಟಿವ್’ ಎಂಬ ಸಂಘಗಳನ್ನು ಕಟ್ಟಿ ಹಣ ಒಟ್ಟುಮಾಡಿ ಆಟಗಾರರಿಗೆ ಹಂಚತೊಡಗಿದರು. ಅದೇ ಸುಮಾರಿಗೆ, ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಸುಮ್ಮನೆ ಕೂರಬೇಕೆಂಬ ಹಳೆಯ ನಿಯಮವೂ ಸಡಿಲವಾಯಿತು. ಒಂದು ಕಡೆ ಹಣ, ಇನ್ನೊಂದು ಕಡೆ ಹೊರಡುವ ಸ್ವಾತಂತ್ರ್ಯ. ಸಂತೆ ಕೂಡಲು ಇನ್ನೇನು ಬೇಕು?

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯ ವಿಲ್ಕೆನ್ ‘ಹೌಸ್’ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟರು. ಹಿಂದೆ ಆಡಿದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಮುಂದಿನವರಿಗೆ ಕಾಲೇಜುಗಳಿಂದಲೇ ನೇರ ಸಂದಾಯ, ಅದಕ್ಕೊಂದು ಗರಿಷ್ಠ ಮಿತಿ. ನಮ್ಮ ಐಪಿಎಲ್ ತಂಡಗಳಿಗೆ ಹರಾಜಿನಲ್ಲಿ ಖರ್ಚಿನ ಮಿತಿ ಇರುವಂತೆಯೇ ಇದೂ. ಆದರೆ ಐಪಿಎಲ್‌ನಂತೆ ಇಲ್ಲಿ ಹರಾಜು ಕೂಗುವವರಿಲ್ಲ. ಹೊರಗಿನ ಕಂಪೆನಿ ಜಾಹೀರಾತಿಗೆಂದು ಕೊಡುವ ಹಣ ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. 600 ಡಾಲರ್ ಮೀರಿದ ಇಂಥ ಒಪ್ಪಂದಗಳನ್ನು ತಪಾಸಣೆಗೆ ಒಪ್ಪಿಸಬೇಕು, ನಿಜ. ಆದರೆ ಕಂಪೆನಿಯ ಯಜಮಾನನೇ ಕಾಲೇಜಿನ ಹಳೆಯ ವಿದ್ಯಾರ್ಥಿಯಾಗಿದ್ದರೆ, ಜಾಹೀರಾತು ಎಲ್ಲಿಗೆ ಮುಗಿಯಿತು, ಉಡುಗೊರೆ ಎಲ್ಲಿಂದ ಶುರುವಾಯಿತು ಎಂದು ಗೆರೆ ಎಳೆಯುವವರು ಯಾರು?

ಮೇಲೆದ್ದವರು

ಈ ಹೊಸ ಸಂತೆಯಲ್ಲಿ ಯಾರು ಮುಂದೆ ಬಂದರು? ಪಶ್ಚಿಮ ಟೆಕ್ಸಾಸಿನ ಲಬಕ್ ಊರಿನ ಟೆಕ್ಸಾಸ್ ಟೆಕ್ ತಂಡವನ್ನು ನೋಡಿ. ‘ಬಿಗ್ 12’ ಕೂಟ 1996ರಲ್ಲಿ ಆಟ ಶುರುಮಾಡಿದಾಗಿನಿಂದಲೂ ಅದು ಆ ಕೂಟದ ಚಾಂಪಿಯನ್ ಆಗಿರಲಿಲ್ಲ. ಒಂದು ಕಾಲದಲ್ಲಿ ಅದೇ ತಂಡದಲ್ಲಿ ಆಡಿ, ಮುಂದೆ ಪೆಟ್ರೋಲಿಯಂ ವ್ಯವಹಾರದಲ್ಲಿ ಶ್ರೀಮಂತರಾದ ಕೋಡಿ ಕ್ಯಾಂಪ್‌ಬೆಲ್ ಮತ್ತು ಗೆಳೆಯರು ಕಲೆಕ್ಟಿವ್ ಕಟ್ಟಿದರು. 2022ರಲ್ಲಿ ಅದು 100 ಮಂದಿ ಆಟಗಾರರಿಗೆ ತಲಾ 25,000 ಡಾಲರುಗಳ ಒಪ್ಪಂದ ಘೋಷಿಸಿತು. ಮುಂದೆ ಬೇರೆ ಕಾಲೇಜುಗಳ ಆಯ್ದ ಆಟಗಾರರೂ ಬಂದರು. 2025ರ ಡಿಸೆಂಬರಿನಲ್ಲಿ ಟೆಕ್ಸಾಸ್ ಟೆಕ್ 34-7ರಿಂದ ಗೆದ್ದು ಮೊದಲ ಬಾರಿಗೆ ‘ಬಿಗ್ 12’ ಕಿರೀಟ ಧರಿಸಿತು.

ಇಂಡಿಯಾನ ವಿಶ್ವವಿದ್ಯಾಲಯದ ಕಥೆ ಇನ್ನೂ ಬೆರಗಿನದು. ಬ್ಯಾಸ್ಕೆಟ್‌ಬಾಲ್‌ಗೆ ಹೆಸರಾದ ಆ ವಿಶ್ವವಿದ್ಯಾಲಯ ಫುಟ್‌ಬಾಲಿನಲ್ಲಿ ಸೋಲಿಗೆ ಹೆಸರಾಗಿತ್ತು. 2023ರಲ್ಲಿ 12 ಪಂದ್ಯಗಳಲ್ಲಿ 9 ಸೋತಿತ್ತು. ಹೊಸ ಕೋಚ್ ಕರ್ಟ್ ಸಿಗ್ನೆಟಿ ತಮ್ಮ ಹಿಂದಿನ ಕಾಲೇಜಿನ ಆಟಗಾರರನ್ನು ಜೊತೆಯಲ್ಲೇ ಕರೆತಂದರು. ಅಲ್ಲಿ ಓದಿದ ಕೋಟ್ಯಧೀಶ ಮಾರ್ಕ್ ಕ್ಯೂಬನ್ 2025ರಲ್ಲಿ ಅದರ ಕ್ರೀಡಾ ವಿಭಾಗಕ್ಕೆ ದೇಣಿಗೆ ಕೊಟ್ಟರು. 2026ರ ಜನವರಿ 19ರಂದು ಮಯಾಮಿ ವಿಶ್ವವಿದ್ಯಾಲಯವನ್ನು 27-21ರಿಂದ ಮಣಿಸಿ, ಒಂದೂ ಪಂದ್ಯ ಸೋಲದೆ ಇಂಡಿಯಾನ ರಾಷ್ಟ್ರೀಯ ಚಾಂಪಿಯನ್ ಆಯಿತು.

ಹಳೆಯ ವ್ಯವಸ್ಥೆಯಲ್ಲಿ ಹಣ ಕೊಡುವಂತಿರಲಿಲ್ಲವಾದ್ದರಿಂದ ಹುಡುಗರು ಹೆಸರು ನೋಡಿ ಸೇರುತ್ತಿದ್ದರು. ಅಲಬಾಮದಂಥ ಹೆಸರಾಂತ ತಂಡಕ್ಕೆ ಸೇರಿ ಬೆಂಚಿನ ಮೇಲೆ ಕೂತು ಕಾಯಲೂ ಸಿದ್ಧರಿದ್ದರು. ಈಗ ಕಾಯುವ ಹುಡುಗನಿಗೆ ಬೇರೊಂದು ಕಡೆ ಹಣವೂ ಇದೆ, ಆಡುವ ಜಾಗವೂ ಇದೆ. ಆದ್ದರಿಂದ ಪ್ರತಿಭೆ ನಾಲ್ಕು ಮನೆಗಳಲ್ಲಿ ಕೂಡಿಬೀಳದೆ ನಲವತ್ತು ಮನೆಗಳಿಗೆ ಹರಡಿತು. 2024ರ ಅಕ್ಟೋಬರ್ 5ರಂದು ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಅಲಬಾಮವನ್ನು ವ್ಯಾಂಡರ್‌ಬಿಲ್ಟ್ 40-35ರಿಂದ ಸೋಲಿಸಿತು. ಹಾಗೆ ಸೋಲಿಸಿ 40 ವರ್ಷಗಳಾಗಿದ್ದವು. ಹಣ ಬಂದರೆ ಸ್ಪರ್ಧೆ ಸಾಯುತ್ತದೆ ಎಂದು ದಶಕಗಳಿಂದ ಹೆದರಿಸುತ್ತಿದ್ದವರಿಗೆ ಇದು ಉತ್ತರ.

ದುಡ್ಡೇ ದೊಡ್ಡಪ್ಪನಲ್ಲ

ಹಾಗೆಂದು ಹಳೆಯ ವಿದ್ಯಾರ್ಥಿಗಳು ಸಿರಿವಂತರಾದ ಮಾತ್ರಕ್ಕೆ ತಂಡ ಗೆಲ್ಲುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ನಿಧಿ 5,000 ಕೋಟಿ ಡಾಲರುಗಳಿಗೂ ಮಿಗಿಲು. ಆದರೆ ಅದು ಸೇರಿರುವ ಐವಿ ಲೀಗ್ ಆಟಕ್ಕಾಗಿ ವಿದ್ಯಾರ್ಥಿವೇತನವನ್ನೇ ಕೊಡುವುದಿಲ್ಲ. ಹೊಸ ಸಂದಾಯದ ಏರ್ಪಾಡಿನಿಂದಲೂ ದೂರ ಉಳಿದಿದೆ. ಸಿಲಿಕಾನ್ ಕಣಿವೆಯ ಕುಬೇರರನ್ನು ಬೆಳೆಸಿದ ಸ್ಟ್ಯಾನ್‌ಫರ್ಡ್ 2021ರಿಂದ 2024ರವರೆಗೆ ನಾಲ್ಕು ವರ್ಷವೂ 12ರಲ್ಲಿ 3 ಪಂದ್ಯಗಳನ್ನಷ್ಟೇ ಗೆದ್ದಿತು. ಸಿರಿ ಇದ್ದರೆ ಸಾಲದು, ಆ ಸಿರಿಗೆ ಫುಟ್‌ಬಾಲಿನ ಹುಚ್ಚೂ ಹಿಡಿದಿರಬೇಕು.

ಹುಚ್ಚು ಹಿಡಿದರೂ ಸಾಲದು. ತೈಲದ ಹಣದಲ್ಲಿ ಮೀಯುವ ಟೆಕ್ಸಾಸ್ ಎ ಅಂಡ್ ಎಂ 2022ರಲ್ಲಿ ದೇಶದ ಅತ್ಯುತ್ತಮ ಹೊಸ ಹುಡುಗರನ್ನು ಸೇರಿಸಿಕೊಂಡಿತು. ಆ ವರ್ಷ ಅದು 5 ಗೆದ್ದು 7 ಸೋತಿತು. 2023ರ ನವೆಂಬರಿನಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ಮನೆಗೆ ಕಳಿಸುವುದಕ್ಕೇ 7 ಕೋಟಿ 60 ಲಕ್ಷ ಡಾಲರುಗಳಿಗೂ ಹೆಚ್ಚು ಹಣ ಕೊಡಬೇಕಾಯಿತು. ಕೆಲಸ ಮಾಡದಿರುವುದಕ್ಕೆ ಸಿಕ್ಕ ಸಂಬಳ ಅದು! 2024ರ ಚಾಂಪಿಯನ್ ಓಹಾಯೊ ಸ್ಟೇಟ್ ತಂಡದ ಆಟಗಾರರಿಗೆ ಆ ವರ್ಷ ಸುಮಾರು 2 ಕೋಟಿ ಡಾಲರ್ ಸಂದಿದೆಯೆಂದು ಅದರ ಕ್ರೀಡಾ ನಿರ್ದೇಶಕರೇ ಹೇಳಿದ್ದರು. ಅದೇ ತಂಡ ಅದೇ ವರ್ಷ ತನ್ನ ಅಂಗಳದಲ್ಲೇ ಮಿಷಿಗನ್‌ಗೆ ಸೋತಿತ್ತು.

ಬೆಳೆಸುವವರು, ಕೊಯ್ಯುವವರು

ಮೇಲೆದ್ದವರ ಕಥೆ ಸೊಗಸು. ಕೆಳಗುಳಿದವರದನ್ನೂ ಕೇಳಬೇಕು. ಆರೆಗನ್ ವಿಶ್ವವಿದ್ಯಾಲಯದಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯವಿದೆ. ಎರಡೂ 1894ರಿಂದ ಸೆಣಸುತ್ತ ಬಂದ ದಾಯಾದಿಗಳು, ‘ಪ್ಯಾಕ್ 12’ ಎಂಬ ಒಂದೇ ಕೂಟದಲ್ಲಿದ್ದವು. 2022 ಮತ್ತು 2023ರಲ್ಲಿ ಟೆಲಿವಿಷನ್ ಹಣದ ಬೆನ್ನುಹತ್ತಿ ಹನ್ನೆರಡರಲ್ಲಿ ಹತ್ತು ವಿಶ್ವವಿದ್ಯಾಲಯಗಳು ಆ ಕೂಟ ಬಿಡಲು ನಿರ್ಧರಿಸಿದವು. ಆರೆಗನ್ ಬಿಗ್ ಟೆನ್‌ಗೆ ಹೋಗಿ 2024ರಲ್ಲಿ ಅದರ ಚಾಂಪಿಯನ್ನೂ ಆಯಿತು. ಯಾರಿಗೂ ಬೇಡವಾಗಿ ಉಳಿದ ಎರಡರಲ್ಲಿ ಒಂದು ಆರೆಗನ್ ಸ್ಟೇಟ್, ಇನ್ನೊಂದು ವಾಷಿಂಗ್ಟನ್ ಸ್ಟೇಟ್. ಅವಕ್ಕೆ ಫಿಲ್ ನೈಟ್ ಇರಲಿಲ್ಲ.

ಕ್ಯಾಮ್ ವಾರ್ಡ್ ಎಂಬ ಆಟಗಾರನ ಪಯಣ ಇಡೀ ಕಥೆಯನ್ನೇ ಹೇಳುತ್ತದೆ. ಇನ್‌ಕಾರ್ನೇಟ್ ವರ್ಡ್ ಎಂಬ ಸಣ್ಣ ವಿಶ್ವವಿದ್ಯಾಲಯದಲ್ಲಿ ಆತ ಬೆಳಕಿಗೆ ಬಂದ. ಅಲ್ಲಿಂದ ವಾಷಿಂಗ್ಟನ್ ಸ್ಟೇಟ್‌ಗೆ, ಅಲ್ಲಿಂದ 2024ರಲ್ಲಿ ಮಯಾಮಿಗೆ. 2025ರಲ್ಲಿ ಎನ್‌ಎಫ್‌ಎಲ್ ಆಯ್ಕೆಯಲ್ಲಿ ದೇಶಕ್ಕೇ ಮೊದಲಿಗ. ಹುಡುಗನ ಪಾಲಿಗೆ ಇದು ಏಣಿ; ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಸಿ ಮಾಡಿದವರೊಬ್ಬರು, ಗೊಬ್ಬರ ಹಾಕಿದವರೊಬ್ಬರು, ಕೊಯ್ದುಕೊಂಡವರು ಇನ್ನೊಬ್ಬರು. ಕೊಯ್ದವರು ಬೆಳೆದವರಿಗೆ ಏನೂ ಕೊಡಬೇಕಾಗಿಲ್ಲ.

ಫುಟ್‌ಬಾಲಿನ ನೆರಳಿನಲ್ಲಿ ಬದುಕಿದ್ದ ಇತರ ಆಟಗಳ ಮೇಲೂ ಪೆಟ್ಟು ಬಿದ್ದಿದೆ. 2025ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಕಾಲ್ ಪಾಲಿ ವಿಶ್ವವಿದ್ಯಾಲಯ ಈಜು ತಂಡವನ್ನೇ ಮುಚ್ಚಿತು. ಕೊಟ್ಟ ಕಾರಣಗಳಲ್ಲಿ ‘ಹೌಸ್’ ರಾಜಿಯ ಹೊರೆಯೂ ಒಂದು.

ಮತ್ತೆ ಡಲ್ಲಾಸ್

‘ಮರಣದಂಡನೆ’ಗೆ ಗುರಿಯಾದ ಸದರ್ನ್ ಮೆಥಡಿಸ್ಟ್ ಏನಾಯಿತು? 1981ರಿಂದ 1984ರವರೆಗೆ 41 ಪಂದ್ಯ ಗೆದ್ದು ಐದನ್ನಷ್ಟೇ ಸೋತಿದ್ದ ತಂಡ ಅದು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ, 1987ರ ಹೊತ್ತಿಗೆ ಟೆಕ್ಸಾಸಿನ ರಾಜ್ಯಪಾಲರೇ ಆಗಿದ್ದ ಬಿಲ್ ಕ್ಲೆಮೆಂಟ್ಸ್, ಗುಟ್ಟಿನ ಸಂದಾಯ ಮುಂದುವರಿಯಲಿ ಎಂದು ತಾವೂ ಒಪ್ಪಿದ್ದುದನ್ನು ಬಹಿರಂಗವಾಗಿ ಹೇಳಿದ್ದರು. ಆಟಗಾರರಿಗೆ ಮಾತು ಕೊಟ್ಟಾಗಿತ್ತು, ಅವರು ಓದು ಮುಗಿಸುವವರೆಗೆ ಉಳಿಸಿಕೊಳ್ಳಬೇಕಿತ್ತು ಎಂಬುದು ಸಮರ್ಥನೆ. 1989ರಲ್ಲಿ ತಂಡ ಮರಳಿ ಬಂದಾಗ ಹ್ಯೂಸ್ಟನ್ ವಿರುದ್ಧ 95-21ರಿಂದ ಸೋತಿತು. ಮತ್ತೊಂದು ‘ಬೌಲ್’ ಪಂದ್ಯ ಆಡುವ ಅರ್ಹತೆ ಗಳಿಸಲು 2009ರವರೆಗೆ ಕಾಯಬೇಕಾಯಿತು.

2023ರ ಸೆಪ್ಟೆಂಬರಿನಲ್ಲಿ ಅದಕ್ಕೆ ‘ಎಸಿಸಿ’ ಎಂಬ ದೊಡ್ಡ ಕೂಟದಲ್ಲಿ ಜಾಗ ಸಿಕ್ಕಿತು, ಒಂದು ಷರತ್ತಿನ ಮೇಲೆ: ಒಂಬತ್ತು ವರ್ಷ ಟೆಲಿವಿಷನ್ ಹಣದಲ್ಲಿ ಪಾಲು ಕೇಳುವಂತಿಲ್ಲ. ಆ ಕೊರತೆ ತುಂಬಲು ಡಲ್ಲಾಸಿನ ಸಿರಿವಂತರು ಒಂದೇ ವಾರದಲ್ಲಿ 10 ಕೋಟಿ ಡಾಲರ್ ವಾಗ್ದಾನ ಮಾಡಿದರು. 2024ರಲ್ಲಿ ತಂಡ ಕೂಟದ ಎಂಟೂ ಲೀಗ್ ಪಂದ್ಯಗಳನ್ನು ಗೆದ್ದು ರಾಷ್ಟ್ರೀಯ ಪ್ರಶಸ್ತಿಗೆ ಸೆಣಸುವ 12 ತಂಡಗಳಲ್ಲಿ ಒಂದಾಯಿತು. ಒಂದು ಕಾಲದಲ್ಲಿ ಕಳ್ಳದಾರಿಯಲ್ಲಿ ಬಂದ ಹಣ ಈಗ ಹೆಬ್ಬಾಗಿಲಲ್ಲಿ ಬಂತು.

ಮುಚ್ಚುಮರೆ ಹೋದದ್ದು ಒಳ್ಳೆಯದೇ. ಆಟಗಾರನ ಬೆವರಿಗೆ ಬೆಲೆ ಸಿಕ್ಕಿದ್ದು ಇನ್ನೂ ಒಳ್ಳೆಯದು. ಆದರೆ ಆ ಬೆಲೆಯನ್ನು ಅವನು ಹಕ್ಕಿನಿಂದ ಪಡೆಯುತ್ತಿದ್ದಾನೆಯೇ, ಧಣಿಯ ಉಮೇದಿನಿಂದಲೇ? 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಟಗಾರರು ಕಾರ್ಮಿಕ ಸಂಘ ಕಟ್ಟಲು ಹೊರಟರು. 2015ರಲ್ಲಿ ರಾಷ್ಟ್ರೀಯ ಕಾರ್ಮಿಕ ಮಂಡಳಿ ಆ ವಿಷಯಕ್ಕೆ ಕೈಹಾಕಲು ಒಪ್ಪಲಿಲ್ಲ. ‘ಹೌಸ್’ ರಾಜಿಯೂ ಆಟಗಾರನನ್ನು ನೌಕರನೆಂದು ಕರೆಯಲಿಲ್ಲ. ಲಕ್ಷಗಟ್ಟಲೆ ಡಾಲರ್ ಎಣಿಸುವ ಹುಡುಗನಿದ್ದಾನೆ. ಆದರೆ ತೈಲದ ಬೆಲೆ ಕುಸಿದರೆ, ಧಣಿಯ ಮನಸ್ಸು ಬೇರೆ ಕಡೆ ತಿರುಗಿದರೆ, ಮಂಡಿ ಮುರಿದು ಮೂಲೆ ಸೇರಿದರೆ ಕೇಳಲು ಅವನಿಗೆ ಸಂಘವಿಲ್ಲ. 1957ರಲ್ಲಿ ರೇ ಡೆನಿಸನ್‌ನ ಪತ್ನಿ ನ್ಯಾಯಾಲಯದ ಮುಂದಿಟ್ಟ ಪ್ರಶ್ನೆಗೆ ಅಷ್ಟೆಲ್ಲ ಕೋಟಿಗಳ ನಡುವೆಯೂ ಉತ್ತರ ಸಿಕ್ಕಿಲ್ಲ.